ಹಳೆಯ ಕಾರಿನ ಎಂಜಿನ್ ಕುದಿಯದಂತೆ ಕಾಪಾಡುವ ಬಗೆ

ಪೀಠಿಕೆ

ಮಧ್ಯಮ ವರ್ಗದ ಅನೇಕ ಕುಟುಂಬಗಳ ಮೊದಲ ಕಾರು ಹೊಸದಾಗಿರುವುದಿಲ್ಲ. ಬೇರೊಬ್ಬರು ಹತ್ತು ಹನ್ನೆರಡು ವರ್ಷ ಬಳಸಿ ಮಾರಿದ ಸಣ್ಣ ಕಾರನ್ನು ಕೂಡಿಟ್ಟ ಹಣದಿಂದ ಕೊಳ್ಳುವುದು ರೂಢಿ. 1983ರ ಡಿಸೆಂಬರ್ ತಿಂಗಳಿನಿಂದ 2014ರ ಜನವರಿಯವರೆಗೆ ತಯಾರಾದ 796 ಸಿ.ಸಿ. ಸಾಮರ್ಥ್ಯದ ಮಾರುತಿ 800 ಕಾರು ಹೀಗೆ ಕೈಯಿಂದ ಕೈಗೆ ಸಾಗಿ ಅಸಂಖ್ಯಾತ ಮನೆಗಳ ಅಂಗಳ ಸೇರಿತು. ಇಂತಹ ಕಾರುಗಳಲ್ಲಿ ಕಂಡುಬರುವ ತೊಂದರೆಗಳ ಪೈಕಿ ಎಂಜಿನ್ ಅತಿಯಾಗಿ ಬಿಸಿಯಾಗಿ ಕುದಿಯುವುದು ಮುಖ್ಯವಾದುದು. ಸಕಾಲದಲ್ಲಿ ಗಮನಿಸಿದರೆ ಅಲ್ಪ ವೆಚ್ಚದಲ್ಲಿ ನಿವಾರಣೆಯಾಗುವ ಈ ದೋಷವನ್ನು ಅಲಕ್ಷಿಸಿದಲ್ಲಿ ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಾಳಾಗಬಹುದು. ಅವಸರದಿಂದ ರೇಡಿಯೇಟರಿನ ಮುಚ್ಚಳ ತೆರೆದಲ್ಲಿ ಮುಖ ಮತ್ತು ಕೈಗಳಿಗೆ ತೀವ್ರವಾದ ಸುಟ್ಟ ಗಾಯಗಳೂ ಆಗಬಹುದು.

ಬೇಸಿಗೆಯ ರಜೆಯಲ್ಲಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಿಂದ ಕುಟುಂಬ ಸಮೇತ ಊರಿಗೆ ಹೊರಡುವ ಕನ್ನಡಿಗರಿಗೆ ಈ ವಿಷಯದ ತಿಳಿವಳಿಕೆ ವಿಶೇಷವಾಗಿ ಅಗತ್ಯ. ಮುಂಬಯಿ–ಪುಣೆ ನಡುವಿನ ಬೋರ ಘಟ್ಟ, ಪುಣೆಯಿಂದ ಬೆಳಗಾವಿಗೆ ಬರುವ ದಾರಿಯ ಖಂಬಾಟಕಿ ಘಟ್ಟ, ಹೈದರಾಬಾದಿನಿಂದ ರಾಯಚೂರು, ಕಲಬುರಗಿಗಳತ್ತ ಸಾಗುವ ರಸ್ತೆಗಳ ಮೇ ತಿಂಗಳ ಬಿಸಿಲು – ಇವೆಲ್ಲವೂ ಹಳೆಯ ಎಂಜಿನ್ನಿನ ತಾಳಿಕೆಯನ್ನು ಪರೀಕ್ಷಿಸುವ ಸ್ಥಳಗಳಾಗಿವೆ.

ಎಂಜಿನ್ ಬಿಸಿಯಾಗುವುದೇಕೆ?

ಎಂಜಿನ್ನಿನ ಸಿಲಿಂಡರುಗಳೊಳಗೆ ಪೆಟ್ರೋಲ್ ಉರಿಯುವಾಗ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣತೆ ಉಂಟಾಗುತ್ತದೆ. ಈ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಮಾತ್ರ ಕಾರನ್ನು ಓಡಿಸಲು ಬಳಕೆಯಾಗುತ್ತದೆ. ಸುಮಾರು ಇನ್ನೊಂದು ಭಾಗ ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದರಲ್ಲಿ ಹೆಚ್ಚಿನದನ್ನು ಎಂಜಿನ್ನಿನ ಸುತ್ತ ಹರಿಯುವ ದ್ರವವು ಹೀರಿ ಹೊರಗಿನ ಗಾಳಿಗೆ ಒಪ್ಪಿಸಬೇಕಾಗುತ್ತದೆ. ಈ ಕಾರ್ಯ ನಿಂತಲ್ಲಿ ಲೋಹದ ಭಾಗಗಳು ಹಿಗ್ಗುತ್ತವೆ, ಎಣ್ಣೆ ತೆಳುವಾಗುತ್ತದೆ, ಪಿಸ್ಟನ್‌ಗಳು ಸಿಲಿಂಡರಿನ ಗೋಡೆಗೆ ಉಜ್ಜತೊಡಗುತ್ತವೆ.

ಎರಕದ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ನುಗಳಲ್ಲಿ ಮತ್ತೊಂದು ಅಪಾಯವಿದೆ. ಅಲ್ಯೂಮಿನಿಯಂ ಲೋಹವು ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅತಿ ಶಾಖಕ್ಕೆ ಸಿಕ್ಕಿದ ಹೆಡ್ ಸೊಟ್ಟಗಾಗಿ, ಇವೆರಡರ ನಡುವಣ ಗ್ಯಾಸ್ಕೆಟ್ ಸೋರತೊಡಗುತ್ತದೆ. ಅಗ್ಗದ ಕಾರಿನ ವಿಷಯದಲ್ಲಿ ಈ ದುರಸ್ತಿಯ ವೆಚ್ಚವು ಕೆಲವೊಮ್ಮೆ ಕಾರಿನ ಬೆಲೆಯ ಗಣನೀಯ ಭಾಗವೇ ಆಗಿಬಿಡುತ್ತದೆ.

ವ್ಯವಸ್ಥೆಯ ಅಂಗಗಳು

ಬೆಲ್ಟಿನಿಂದ ತಿರುಗುವ ವಾಟರ್ ಪಂಪು ದ್ರವವನ್ನು ಎಂಜಿನ್ನಿನೊಳಗೆ ತಳ್ಳುತ್ತದೆ. ಬಿಸಿಯಾದ ದ್ರವವು ಮೇಲಿನ ಹೋಸ್ ಪೈಪಿನ ಮೂಲಕ ರೇಡಿಯೇಟರಿಗೆ ಬಂದು, ಅದರ ಸಣ್ಣ ಕೊಳವೆಗಳಲ್ಲಿ ಹರಿದು ತಣಿದು, ಕೆಳಗಿನ ಪೈಪಿನ ಮೂಲಕ ಹಿಂದಿರುಗುತ್ತದೆ. ಕಾರು ಓಡುವಾಗ ಎದುರುಗಾಳಿಯೂ, ನಿಂತಾಗ ಫ್ಯಾನೂ ಕೊಳವೆಗಳನ್ನು ತಂಪುಗೊಳಿಸುತ್ತವೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ಕಾರುಗಳಲ್ಲಿ ಫ್ಯಾನು ಎಂಜಿನ್ನಿನ ಬೆಲ್ಟಿಗೇ ಜೋಡಣೆಗೊಂಡಿದ್ದು, ಎಂಜಿನ್ ನಿಧಾನವಾದಾಗ ಅದೂ ನಿಧಾನವಾಗುತ್ತಿತ್ತು. ಮಾರುತಿ 800ರಲ್ಲಿ ಹಾಗೂ ಅನಂತರದ ಸಣ್ಣ ಕಾರುಗಳಲ್ಲಿ ಫ್ಯಾನು ವಿದ್ಯುತ್ತಿನಿಂದ ತಿರುಗುತ್ತದೆ. ದ್ರವ ನಿಗದಿತ ಉಷ್ಣತೆ ಮುಟ್ಟಿದಾಗ ತಾನಾಗಿಯೇ ಚಾಲನೆಗೊಳ್ಳುತ್ತದೆ.

ಥರ್ಮೋಸ್ಟಾಟ್ ಎಂಬುದು ಒಂದು ಸಣ್ಣ ಕವಾಟ. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡಿದ್ದು, ಸಾಮಾನ್ಯವಾಗಿ 82ರಿಂದ 88 ಡಿಗ್ರಿಗಳ ನಡುವೆ ತೆರೆಯತೊಡಗುತ್ತದೆ. ಎಂಜಿನ್ ಬೇಗನೆ ಹದವಾದ ಬಿಸಿಗೆ ಬಂದು, ಅದೇ ಮಟ್ಟದಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಇದರ ಕೆಲಸ.

ರೇಡಿಯೇಟರಿನ ಮುಚ್ಚಳವನ್ನು ಹಲವರು ಕೇವಲ ಒಂದು ಬಿರಡೆ ಎಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಒತ್ತಡವನ್ನು ಕಾಯುವ ಕವಾಟ. ತೆರೆದ ಪಾತ್ರೆಯಲ್ಲಿ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಮೇಲೇರಿದಂತೆ ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿಯಷ್ಟು ಕಡಿಮೆಯಲ್ಲಿಯೇ ಕುದಿಯುತ್ತದೆ. ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಂ ಒತ್ತಡ ತಡೆಯುವ ಮುಚ್ಚಳವಿದ್ದಲ್ಲಿ ನೀರಿನ ಕುದಿಬಿಂದು ಸುಮಾರು 118 ಡಿಗ್ರಿಗೆ ಏರುತ್ತದೆ. ಮುಚ್ಚಳದ ರಬ್ಬರು ಒಣಗಿ ಬಿರಿದಾಗ ಈ ರಕ್ಷಣೆ ಸಂಪೂರ್ಣ ನಷ್ಟವಾಗುತ್ತದೆ.

ಲಕ್ಷಣದಿಂದ ಕಾರಣದ ಕಡೆಗೆ

ದೋಷಪತ್ತೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಕಾರು ಬಿಸಿಯಾಗುವುದು ಯಾವಾಗ? ಮೆಕ್ಯಾನಿಕ್ಕಿನ ಬಳಿಗೆ ಹೋಗುವ ಮುನ್ನ ಮಾಲೀಕರು ಇದನ್ನು ಗಮನಿಸಿಟ್ಟುಕೊಂಡಲ್ಲಿ ಅನಾವಶ್ಯಕ ಬಿಡಿಭಾಗಗಳಿಗೆ ಹಣ ತೆರುವುದು ತಪ್ಪುತ್ತದೆ.

1. ಸಿಗ್ನಲ್ಲಿನಲ್ಲಿ ಅಥವಾ ದಟ್ಟಣೆಯಲ್ಲಿ ನಿಂತಾಗ ಬಿಸಿಯಾಗಿ, ವೇಗವಾಗಿ ಓಡಿದಾಗ ತಣಿಯುವುದಾದರೆ ಸಂಶಯ ಫ್ಯಾನಿನ ಮೇಲೆ. ಫ್ಯೂಸ್, ರಿಲೇ, ಉಷ್ಣತೆಯ ಸ್ವಿಚ್ಚು, ಮೋಟಾರು – ಈ ಕ್ರಮದಲ್ಲಿ ಪರೀಕ್ಷಿಸುವುದು ಸೂಕ್ತ.

2. ಊರೊಳಗೆ ಸರಿಯಾಗಿದ್ದು, ಹೆದ್ದಾರಿಯ ವೇಗದಲ್ಲಿ ಅಥವಾ ಘಟ್ಟ ಏರುವಾಗ ಬಿಸಿಯಾಗುವುದಾದರೆ ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿರಬಹುದು, ಪಂಪಿನ ರೆಕ್ಕೆಗಳು ಸವೆದಿರಬಹುದು.

3. ಹೊರಟ ಐದಾರು ನಿಮಿಷಗಳಲ್ಲಿಯೇ ಮುಳ್ಳು ಮೇಲೇರುವುದಾದರೆ ದ್ರವ ಕಡಿಮೆಯಾಗಿದೆ, ಒಳಗೆ ಗಾಳಿ ಸೇರಿದೆ ಅಥವಾ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು.

4. ಎಷ್ಟು ದೂರ ಓಡಿದರೂ ಮುಳ್ಳು ಮೇಲೇರದಿದ್ದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬಹುದು, ಇಲ್ಲವೆ ಅದನ್ನು ಹಿಂದೆ ಯಾರೋ ತೆಗೆದುಹಾಕಿರಬಹುದು.

5. ಹೊರಗೆ ಸೋರಿಕೆ ಕಾಣದೆ ದ್ರವ ದಿನೇ ದಿನೇ ಇಳಿಯುವುದು, ಎಣ್ಣೆಯ ಕಡ್ಡಿಯ ಮೇಲೆ ಹಾಲು ಬೆರೆತ ಚಹಾದಂತಹ ನೊರೆ, ಬಿಸಿಯಾದ ಮೇಲೂ ನಿಲ್ಲದ ಬಿಳಿಯ ಹೊಗೆ, ರೇಡಿಯೇಟರಿನಲ್ಲಿ ಎಡೆಬಿಡದ ಗುಳ್ಳೆಗಳು – ಇವು ಹೆಡ್ ಗ್ಯಾಸ್ಕೆಟ್ ಕೆಟ್ಟಿರುವುದರ ಸೂಚನೆ. ಚಳಿಗಾಲದ ಮುಂಜಾನೆ ದೆಹಲಿಯಂತಹ ಊರುಗಳಲ್ಲಿ ಕಾರು ಹೊರಟ ಕೂಡಲೇ ಕಾಣುವ ಬಿಳಿಯ ಆವಿ ಸಹಜವಾದುದು, ಅದರಿಂದ ಗಾಬರಿಪಡಬೇಕಾಗಿಲ್ಲ.

6. ಹೀಟರ್ ಇರುವ ಕಾರಿನಲ್ಲಿ ಮುಂದಿನ ಆಸನದ ಕಾಲಡಿಯ ಹಾಸು ಒದ್ದೆಯಾಗಿ, ಸಿಹಿಯಾದ ವಾಸನೆ ಬರುವುದಾದರೆ ಹೀಟರಿನ ಒಳ ರೇಡಿಯೇಟರ್ ಸೋರುತ್ತಿದೆ.

ಒಂದು ನಿದರ್ಶನ

ಪುಣೆಯಲ್ಲಿ ವಾಸಿಸುವ ಕುಟುಂಬವೊಂದು ಹಳೆಯ ಸಣ್ಣ ಕಾರಿನಲ್ಲಿ ಬೆಳಗಾವಿಗೆ ಹೊರಟಿದೆಯೆಂದು ಭಾವಿಸೋಣ. ನಗರದೊಳಗೆ ಎಂದೂ ತೊಂದರೆ ಕೊಡದ ಕಾರು ಖಂಬಾಟಕಿ ಘಟ್ಟದ ನಡುವೆ ಕುದಿಯುತ್ತದೆ. ರೇಡಿಯೇಟರನ್ನೇ ಬದಲಾಯಿಸಬೇಕೆಂಬ ಸಲಹೆ ದೊರೆಯುತ್ತದೆ. ಆದರೆ ತಾರ್ಕಿಕವಾಗಿ ಯೋಚಿಸಿದಲ್ಲಿ ಮೊದಲು ನೋಡಬೇಕಾದುದು ಮುಚ್ಚಳವನ್ನು. ಘಟ್ಟವನ್ನು ಕಡಿಮೆ ಗೇರಿನಲ್ಲಿ ಏರುವಾಗ ಎಂಜಿನ್ನಿನ ಮೇಲಿನ ಭಾರ ಹೆಚ್ಚು, ಎದುರುಗಾಳಿ ಕಡಿಮೆ. ದ್ರವದ ಉಷ್ಣತೆ 100 ಡಿಗ್ರಿ ದಾಟುವುದು ಅಸಹಜವಲ್ಲ. ಮುಚ್ಚಳ ಗಟ್ಟಿಯಾಗಿದ್ದರೆ ನೀರು ಕುದಿಯದೆ ಉಳಿಯುತ್ತದೆ. ಮುಚ್ಚಳ ಸಡಿಲವಾಗಿದ್ದರೆ ಅದೇ ಉಷ್ಣತೆಯಲ್ಲಿ ಕುದಿದು ಹೊರಚೆಲ್ಲುತ್ತದೆ. ಚೆಲ್ಲಿದಷ್ಟೂ ಉಳಿದ ನೀರು ಇನ್ನಷ್ಟು ಬೇಗ ಬಿಸಿಯಾಗುತ್ತದೆ. ಹೀಗೆ ಅತ್ಯಂತ ಅಗ್ಗದ ಬಿಡಿಭಾಗದ ದೋಷವು ದುಬಾರಿ ಬಿಡಿಭಾಗದ ದೋಷದಂತೆ ತೋರುತ್ತದೆ. ಅಗ್ಗವಾದುದನ್ನು ಮೊದಲು, ದುಬಾರಿಯಾದುದನ್ನು ಕೊನೆಗೆ ಪರೀಕ್ಷಿಸಬೇಕೆಂಬುದು ಇದರ ನೀತಿ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಈ ಕೆಳಗಿನ ಪರೀಕ್ಷೆಗಳಿಗೆ ಎಂಜಿನ್ ಸಂಪೂರ್ಣ ತಣ್ಣಗಿರುವುದು ಕಡ್ಡಾಯ. ಬೆಳಗಿನ ಹೊತ್ತು ಇದಕ್ಕೆ ಪ್ರಶಸ್ತ.

ರೇಡಿಯೇಟರಿನ ಮುಚ್ಚಳ ತೆಗೆದು ದ್ರವವು ಬಾಯಿಯ ಮಟ್ಟಕ್ಕೆ ಇದೆಯೇ ಎಂದು ನೋಡಬೇಕು. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಟ್ಟ ಸರಿಯಾಗಿದ್ದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಎಂದು ಭಾವಿಸಲಾಗದು. ಮುಚ್ಚಳ ಕೆಟ್ಟಾಗ ಬಾಟಲಿಯ ದ್ರವ ಹಿಂದಕ್ಕೆ ಎಳೆಯಲ್ಪಡುವುದಿಲ್ಲ. ಮುಚ್ಚಳದ ರಬ್ಬರು ಮೃದುವಾಗಿರಬೇಕು, ಸ್ಪ್ರಿಂಗು ಬಿಗಿಯಾಗಿರಬೇಕು. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲೆ ಮುದ್ರಿತವಾದ ಒತ್ತಡದ ಅಂಕಿಯನ್ನೇ ಕೇಳಬೇಕು.

ಹೋಸ್ ಪೈಪುಗಳನ್ನು ಬೆರಳುಗಳ ನಡುವೆ ಒತ್ತಿ ನೋಡಬೇಕು. ಗರಿಗರಿ ಸದ್ದು, ಬಿರುಕು, ಉಬ್ಬು ಅಥವಾ ಅತಿಯಾದ ಮೆತ್ತನೆಯ ಸ್ಪರ್ಶವಿದ್ದಲ್ಲಿ ಪೈಪು ಬದಲಾಯಿಸಬೇಕು. ಕ್ಲಿಪ್ಪುಗಳ ಬಳಿ ಬಿಳಿಯ ಅಥವಾ ತುಕ್ಕಿನ ಬಣ್ಣದ ಕಲೆ ಕಂಡಲ್ಲಿ ಅಲ್ಲಿ ಸೋರಿಕೆಯಿದೆ. ವಾಟರ್ ಪಂಪಿನ ಅಡಿಯಲ್ಲಿರುವ ಸಣ್ಣ ರಂಧ್ರದಿಂದ ಹನಿ ಬೀಳುತ್ತಿದ್ದರೆ ಪಂಪಿನ ಒಳಗಿನ ಸೀಲು ಹೋಗಿದೆ. ಕಾಲ ಕಳೆಯದೆ ಪಂಪು ಬದಲಾಯಿಸಬೇಕು. ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ವೃತ್ತಪತ್ರಿಕೆಯ ಹಾಳೆ ಹಾಸಿಟ್ಟಲ್ಲಿ, ಬೆಳಗ್ಗೆ ಅದರ ಮೇಲಿನ ಕಲೆಯೇ ಸೋರಿಕೆಯ ಜಾಗವನ್ನು ತೋರಿಸುತ್ತದೆ.

ಕಳಚಿದ ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಸುಲಭ. ಅಡುಗೆಗೆ ಬಳಸದ ಪಾತ್ರೆಯೊಂದರಲ್ಲಿ ನೀರು ತುಂಬಿ, ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ದಾರದಿಂದ ಇಳಿಬಿಟ್ಟು, ಪ್ರಯೋಗಶಾಲೆಯ ಉಷ್ಣತಾಮಾಪಕದೊಡನೆ ಕಾಯಿಸಬೇಕು. ಜ್ವರ ನೋಡುವ ಮಾಪಕ ಇದಕ್ಕೆ ತಕ್ಕುದಲ್ಲ. ಅದರ ಮೇಲೆ ಬರೆದಿರುವ ಉಷ್ಣತೆಯ ಹತ್ತಿರ ಕವಾಟ ತೆರೆಯತೊಡಗಿ, ನೀರು ಕುದಿಯುವಷ್ಟರಲ್ಲಿ ಚೆನ್ನಾಗಿ ತೆರೆದಿರಬೇಕು. ತಣಿದ ಮೇಲೆ ಪೂರ್ಣ ಮುಚ್ಚಬೇಕು.

ಫ್ಯಾನನ್ನು ಪರೀಕ್ಷಿಸಲು ಕಾರನ್ನು ತೆರೆದ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ಮುಳ್ಳನ್ನು ಗಮನಿಸುತ್ತಿರಬೇಕು. ಮುಳ್ಳು ಮಧ್ಯಭಾಗ ದಾಟುವಷ್ಟರಲ್ಲಿ ಫ್ಯಾನಿನ ಸದ್ದು ಕೇಳಿಸಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನು ಹಠಾತ್ತನೆ ತಿರುಗಬಹುದಾದ್ದರಿಂದ ಕೈ, ಸೆರಗು, ಟೈ ಮುಂತಾದವನ್ನು ಅದರಿಂದ ದೂರವಿಡಬೇಕು.

ದಾರಿಯಲ್ಲಿ ಕುದಿದಾಗ

ಮುಳ್ಳು ಎಂದಿಗಿಂತ ಮೇಲೇರುತ್ತಿರುವುದು ಕಂಡ ಕೂಡಲೇ ಏರ್ ಕಂಡೀಷನರ್ ಆರಿಸಬೇಕು. ಹೀಟರ್ ಇದ್ದಲ್ಲಿ ಅದನ್ನು ಪೂರ್ಣ ಬಿಸಿಗೆ ತಿರುಗಿಸಿ, ಗಾಳಿಯನ್ನೂ ಪೂರ್ಣ ತೆರೆಯಬೇಕು. ಬೇಸಿಗೆಯಲ್ಲಿ ಇದು ವಿಚಿತ್ರವಾಗಿ ತೋರಿದರೂ, ಹೀಟರ್ ಒಂದು ಸಣ್ಣ ರೇಡಿಯೇಟರಿನಂತೆ ವರ್ತಿಸಿ ಎಂಜಿನ್ನಿನ ಶಾಖವನ್ನು ಸ್ವಲ್ಪಮಟ್ಟಿಗೆ ಹೊರಗೆಳೆಯುತ್ತದೆ. ಆಗಲೂ ಮುಳ್ಳು ಇಳಿಯದೆ ಕೆಂಪು ಗೆರೆಯತ್ತ ಸಾಗಿದಲ್ಲಿ ರಸ್ತೆಯ ಎಡಬದಿಗೆ ಸುರಕ್ಷಿತವಾಗಿ ನಿಲ್ಲಿಸಿ ಎಂಜಿನ್ ಆರಿಸಬೇಕು. "ಮುಂದಿನ ಪೆಟ್ರೋಲ್ ಬಂಕಿನವರೆಗೆ ಮಾತ್ರ" ಎಂದು ಓಡಿಸಿದ ಎರಡು ಮೂರು ಕಿಲೋಮೀಟರುಗಳೇ ಎಂಜಿನ್ನಿಗೆ ಮಾರಕವಾಗಬಲ್ಲವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೇಲೇರಿದ್ದ ಮುಳ್ಳು ಒಮ್ಮೆಲೇ ಕೆಳಗಿಳಿದರೆ ಎಂಜಿನ್ ತಣಿಯಿತೆಂದು ಸಮಾಧಾನಪಡಬಾರದು. ನೀರು ಪೂರ್ತಿ ಖಾಲಿಯಾಗಿ, ಉಷ್ಣತೆ ಅಳೆಯುವ ಸಾಧನಕ್ಕೆ ದ್ರವವೇ ತಾಗದಿರುವಾಗಲೂ ಹೀಗಾಗುತ್ತದೆ. ಇದು ಅತ್ಯಂತ ಅಪಾಯಕಾರಿ ಸ್ಥಿತಿ.

ನಿಲ್ಲಿಸಿದ ನಂತರ ಅಪಾಯಸೂಚಕ ದೀಪಗಳನ್ನು ಉರಿಸಿ, ಪ್ರತಿಫಲಿಸುವ ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿಟ್ಟು, ಮಕ್ಕಳು ಮತ್ತು ವೃದ್ಧರನ್ನು ರಸ್ತೆಯಿಂದಾಚೆ ಕೂರಿಸಬೇಕು. ಹಬೆ ಹೊಮ್ಮುತ್ತಿದ್ದಲ್ಲಿ ಅದು ನಿಲ್ಲುವವರೆಗೆ ಬಾನೆಟ್ ಎತ್ತಬಾರದು. ರೇಡಿಯೇಟರಿನ ಮುಚ್ಚಳವನ್ನು ಕನಿಷ್ಠ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಮುಟ್ಟಲೇಬಾರದು. ಒಳಗಿನ ನೀರು 100 ಡಿಗ್ರಿಗಿಂತ ಬಿಸಿಯಾಗಿದ್ದು ಒತ್ತಡದಿಂದ ಮಾತ್ರ ದ್ರವರೂಪದಲ್ಲಿರುತ್ತದೆ. ಮುಚ್ಚಳ ತೆರೆದ ಕ್ಷಣವೇ ಅದರ ಒಂದಂಶ ಹಬೆಯಾಗಿ ಉಳಿದುದನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಮೇಲಿನ ಹೋಸ್ ಪೈಪು ಕೈಯಿಂದ ಮುಟ್ಟಬಹುದಾದಷ್ಟು ತಣಿದ ನಂತರ, ದಪ್ಪನೆಯ ಬಟ್ಟೆ ಹೊದಿಸಿ, ಮುಖವನ್ನು ಬದಿಗೆ ತಿರುಗಿಸಿಕೊಂಡು ಮುಚ್ಚಳವನ್ನು ಮೊದಲ ಹಂತಕ್ಕೆ ಮಾತ್ರ ತಿರುಗಿಸಿ ಒತ್ತಡ ಹೊರಹೋಗಲು ಬಿಡಬೇಕು. ಸದ್ದು ನಿಂತ ಮೇಲೆ ಪೂರ್ಣ ತೆರೆಯಬೇಕು.

ಕಾದ ಎಂಜಿನ್ನಿಗೆ ತಣ್ಣೀರನ್ನು ಒಮ್ಮೆಲೇ ಸುರಿಯಬಾರದು. ಲೋಹ ಬಿರಿಯುವ ಸಂಭವವುಂಟು. ಎಂಜಿನ್ ಸಾಕಷ್ಟು ತಣಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ನೀರು ತುಂಬಿ, ನಂತರ ಎಂಜಿನ್ ಚಾಲೂ ಮಾಡಿ ಮಟ್ಟ ಇಳಿದಂತೆ ಮತ್ತೆ ತುಂಬಬೇಕು. ಬೆಲ್ಟು ತುಂಡಾಗಿದ್ದರೆ ಅಥವಾ ತುಂಬಿದ ನೀರೆಲ್ಲ ಸೋರಿಹೋಗುತ್ತಿದ್ದರೆ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಲೇಸು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033, ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.

ಯಾರಿಗಾದರೂ ಸುಟ್ಟ ಗಾಯವಾದಲ್ಲಿ ಆ ಭಾಗದ ಮೇಲೆ ಸುಮಾರು 20 ನಿಮಿಷ ಶುದ್ಧವಾದ ತಣ್ಣೀರನ್ನು ಹರಿಸಬೇಕು. ಟೂತ್‌ಪೇಸ್ಟ್, ತುಪ್ಪ, ಶಾಯಿ, ಅರಿಶಿನ ಇತ್ಯಾದಿಗಳನ್ನು ಹಚ್ಚಬಾರದು, ಬೊಬ್ಬೆಗಳನ್ನು ಒಡೆಯಬಾರದು. ಮುಖ, ಕಣ್ಣು, ಕೈಗಳಿಗೆ ಆದ ಗಾಯಗಳಿಗೆ ಕೂಡಲೇ ಆಸ್ಪತ್ರೆಯ ಚಿಕಿತ್ಸೆ ಪಡೆಯಬೇಕು.

ನೀರೋ, ಕೂಲೆಂಟೋ?

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕರಗಿರುವ ಲವಣಗಳು ಬಿಸಿಯಲ್ಲಿ ಬೇರ್ಪಟ್ಟು ಬಿಸಿನೀರಿನ ಹಂಡೆಯ ಒಳಮೈಗೆ ಹತ್ತುವಂತೆಯೇ ರೇಡಿಯೇಟರಿನ ಕೊಳವೆಗಳಿಗೂ ಹತ್ತುತ್ತವೆ. ಈ ಪದರ ಶಾಖ ಹೊರಹೋಗದಂತೆ ತಡೆಯುತ್ತದೆ. ಬರಿಯ ನೀರಿನಿಂದ ಕಬ್ಬಿಣಕ್ಕೆ ತುಕ್ಕು ಹಿಡಿದು, ಆ ತುಕ್ಕಿನ ಕೆಸರು ಕೊಳವೆಗಳನ್ನು ಕಟ್ಟಿಸುತ್ತದೆ. ಆದುದರಿಂದ ದಾರಿಯಲ್ಲಿ ಅನಿವಾರ್ಯವಾಗಿ ತುಂಬಿದ ನೀರನ್ನು ಊರು ತಲಪಿದ ಬಳಿಕ ತೆಗೆಸಿ ಕೂಲೆಂಟ್ ತುಂಬಿಸಬೇಕು.

ಎಥಿಲೀನ್ ಗ್ಲೈಕಾಲ್ ಆಧಾರಿತ ಕೂಲೆಂಟನ್ನು ಶುದ್ಧೀಕರಿಸಿದ ನೀರಿನೊಡನೆ ಸಮಪ್ರಮಾಣದಲ್ಲಿ ಬೆರೆಸಿದಾಗ ಮಿಶ್ರಣವು ತೆರೆದ ಸ್ಥಿತಿಯಲ್ಲಿಯೂ ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸೊನ್ನೆಗಿಂತ ಕೆಳಗೆ ಸುಮಾರು 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದೂ ಇಲ್ಲ. ಚಳಿಗಾಲದಲ್ಲಿ ದೆಹಲಿಯಿಂದ ಶಿಮ್ಲಾ ಕಡೆಗೆ ಹೋಗುವವರಿಗೆ ಈ ಎರಡನೆಯ ಗುಣ ಮಹತ್ವದ್ದು. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುವುದರಿಂದ ಎಂಜಿನ್ ಬ್ಲಾಕೇ ಬಿರಿಯಬಹುದು. ಸಾಮಾನ್ಯ ಕೂಲೆಂಟನ್ನು ಎರಡು ವರ್ಷಗಳಿಗೊಮ್ಮೆ ಬದಲಾಯಿಸುವುದು ಒಳ್ಳೆಯದು. ತಯಾರಕರು ಸೂಚಿಸಿದ ಬಗೆಯನ್ನೇ ಬಳಸಬೇಕು. ಬಣ್ಣ ಒಂದೇ ಆಗಿದ್ದರೂ ಗುಣ ಒಂದೇ ಆಗಿರಬೇಕೆಂದಿಲ್ಲ.

ಎಥಿಲೀನ್ ಗ್ಲೈಕಾಲ್ ವಿಷ. ಅದರ ರುಚಿ ಸಿಹಿಯಾಗಿರುವುದರಿಂದ ಮಕ್ಕಳೂ ಸಾಕುಪ್ರಾಣಿಗಳೂ ಕುಡಿಯುವ ಅಪಾಯವಿದೆ. ಹೊರತೆಗೆದ ದ್ರವವನ್ನು ಚರಂಡಿಗೆ ಅಥವಾ ಮಣ್ಣಿಗೆ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ ಗ್ಯಾರೇಜಿಗೆ ಒಪ್ಪಿಸಬೇಕು. ಕುಡಿಯುವ ನೀರಿನ ಅಥವಾ ಪಾನೀಯದ ಬಾಟಲಿಗಳಲ್ಲಿ ಎಂದೂ ತುಂಬಿಡಬಾರದು.

ಕೆಲವು ತಪ್ಪು ರೂಢಿಗಳು

ನಮ್ಮ ಸೆಕೆಯ ದೇಶಕ್ಕೆ ಥರ್ಮೋಸ್ಟಾಟ್ ಬೇಡವೆಂದು ಅದನ್ನು ತೆಗೆದುಹಾಕುವ ರೂಢಿ ಕೆಲವು ಕಡೆ ಇದೆ. ಇದರಿಂದ ಎಂಜಿನ್ ಹದಕ್ಕೆ ಬರಲು ಹೆಚ್ಚು ಸಮಯ ಹಿಡಿದು ಪೆಟ್ರೋಲ್ ಖರ್ಚೂ ಸವೆತವೂ ಹೆಚ್ಚುತ್ತವೆ. ಕೆಲವು ಎಂಜಿನ್ನುಗಳಲ್ಲಿ ದ್ರವವು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿಯೇ ಸುತ್ತಿ ಇನ್ನಷ್ಟು ಬಿಸಿಯಾಗುವುದೂ ಉಂಟು. ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ಲಾರಿ ಚಾಲಕರಲ್ಲಿ ಬಹುಕಾಲದಿಂದ ಬಂದಿರುವ ಉಪಾಯ. ತೂತನ್ನು ಮುಚ್ಚುವ ಪುಡಿ ಕಿರಿದಾದ ಕೊಳವೆಗಳನ್ನೂ ಮುಚ್ಚುತ್ತದೆ. ಬೇರೆ ದಾರಿಯಿಲ್ಲದೆ ಬಳಸಿದಲ್ಲಿ ಶೀಘ್ರವೇ ವ್ಯವಸ್ಥೆಯನ್ನು ತೊಳೆಸಬೇಕು. ಫ್ಯಾನಿಗೆ ನೇರವಾಗಿ ತಂತಿ ಜೋಡಿಸಿ ಸದಾ ತಿರುಗುವಂತೆ ಮಾಡುವುದು ಊರು ತಲಪುವವರೆಗಿನ ತಾತ್ಕಾಲಿಕ ವ್ಯವಸ್ಥೆಯೇ ಹೊರತು ದುರಸ್ತಿಯಲ್ಲ. ಫ್ಯೂಸ್ ಇಲ್ಲದ ಇಂತಹ ಜೋಡಣೆಯಿಂದ ಬೆಂಕಿಯ ಅಪಾಯವೂ ಇದೆ.

ಕೊಳ್ಳುವ ಮುನ್ನ, ಖರ್ಚು ಮಾಡುವ ಮುನ್ನ

ಹಳೆಯ ಕಾರನ್ನು ನೋಡಲು ಹೋಗುವವರು, ತಾವು ಬರುವವರೆಗೆ ಎಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ಮೊದಲೇ ತಿಳಿಸುವುದು ಜಾಣತನ. ತಣ್ಣಗಿರುವ ರೇಡಿಯೇಟರನ್ನು ತೆರೆದು ತುಕ್ಕಿನ ಕೆಸರು, ಎಣ್ಣೆಯ ಪೊರೆ ಇವೆಯೇ ಎಂದು ನೋಡಬೇಕು. ನಂತರ ಏರ್ ಕಂಡೀಷನರ್ ಇದ್ದಲ್ಲಿ ಅದನ್ನೂ ಹಾಕಿಕೊಂಡು ಇಪ್ಪತ್ತು ನಿಮಿಷ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ ಫ್ಯಾನು ತಿರುಗಿ ಮುಳ್ಳು ಇಳಿಯುವುದನ್ನು ಖಚಿತಪಡಿಸಿಕೊಳ್ಳಬೇಕು.

ದೊಡ್ಡ ದುರಸ್ತಿಗೆ ಒಪ್ಪುವ ಮುನ್ನ ಕಾರಿನ ಉಳಿದ ಆಯುಷ್ಯವನ್ನೂ ಲೆಕ್ಕ ಹಾಕಬೇಕು. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ಸಿಂಧುವಾಗಿದ್ದು, ಅನಂತರ ಪರೀಕ್ಷೆಗೆ ಒಳಪಟ್ಟು 5 ವರ್ಷದ ಅವಧಿಗೆ ನವೀಕರಿಸಿಕೊಳ್ಳಬೇಕು. ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಕುರಿತು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಹಾಗೂ ಸರ್ವೋಚ್ಚ ನ್ಯಾಯಾಲಯದ 2018ರ ಆದೇಶಗಳ ತರುವಾಯವೂ ಬೆಳವಣಿಗೆಗಳಾಗಿರುವುದರಿಂದ, ಅಲ್ಲಿನ ನಿವಾಸಿಗಳು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು ಸೂಕ್ತ. ಮುಚ್ಚಳ, ಬೆಲ್ಟು, ಪೈಪು, ಥರ್ಮೋಸ್ಟಾಟ್ ಇವುಗಳ ವೆಚ್ಚ ಯಾವ ಸಂದರ್ಭದಲ್ಲಿಯೂ ವ್ಯರ್ಥವಲ್ಲ. ಹೆಡ್ ಸೊಟ್ಟಗಾಗಿದ್ದರೆ, ದುರಸ್ತಿಯ ಲಿಖಿತ ಅಂದಾಜು ಪಡೆದು, ಅದನ್ನು ಕಾರಿನ ಈಗಿನ ಬೆಲೆಯೊಡನೆ ಹೋಲಿಸಿದ ನಂತರವೇ ನಿರ್ಧರಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ವಾರಕ್ಕೊಮ್ಮೆ, ತಣ್ಣಗಿರುವಾಗ, ದ್ರವದ ಮಟ್ಟ ನೋಡಬೇಕು. ಪದೇ ಪದೇ ತುಂಬಬೇಕಾಗಿ ಬಂದಲ್ಲಿ ಸೋರಿಕೆ ಇದೆಯೆಂದೇ ಅರ್ಥ.

2. ದೂರ ಪ್ರಯಾಣಕ್ಕೆ ಒಂದು ವಾರ ಮೊದಲೇ ಮುಚ್ಚಳ, ಬೆಲ್ಟು, ಪೈಪು ಮತ್ತು ಫ್ಯಾನುಗಳನ್ನು ಪರೀಕ್ಷಿಸಬೇಕು.

3. ಕಾರಿನಲ್ಲಿ ಐದು ಲೀಟರ್ ನೀರು, ದಪ್ಪ ಬಟ್ಟೆ, ಒಂದು ಬೆಲ್ಟು, ಎರಡು ಕ್ಲಿಪ್ಪು, ಫ್ಯೂಸುಗಳು ಮತ್ತು ತ್ರಿಕೋನ ಇರಬೇಕು.

4. ಮುಳ್ಳು ಕೆಂಪು ಗೆರೆ ಮುಟ್ಟುವ ಮುನ್ನವೇ ಎಂಜಿನ್ ನಿಲ್ಲಿಸಬೇಕು.

5. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ಹಳೆಯ ಕಾರು ಹೊಸ ಕಾರಿಗಿಂತ ಹೆಚ್ಚಿನ ಗಮನವನ್ನು ಬೇಡುತ್ತದೆ. ವಾರದಲ್ಲಿ ಐದು ನಿಮಿಷಗಳ ಈ ಗಮನವು ಕುಟುಂಬದ ಉಳಿತಾಯವನ್ನೂ, ಪ್ರಯಾಣಿಸುವವರ ಕ್ಷೇಮವನ್ನೂ ಕಾಪಾಡಬಲ್ಲುದು.